ನೆಲ ನೋಡಿ ಹೇಳು

ಮಡಿಕೇರಿಯಲ್ಲಿ ಚಿತ್ರಕಲೆ ಕಲಿಯುವ ಮಕ್ಕಳು, ಅವರ ಅಪ್ಪ ಅಮ್ಮ, ಒಂದಿಷ್ಟು ಗೆಳೆಯರು ಸೇರಿದ್ದ ಕಡೆ ಆಡಿದ ಮಾತುಗಳಿವು. ಅವತ್ತು ಶೀಟಿನ ಮೇಲೆ ಮಳೆ ಹೊಡೆಯುವ ಸದ್ದಿಗೆ ಹಿಂದಿನ ಸಾಲಿನವರಿಗೆ ಅರ್ಧ ಮಾತು ಕೇಳಿಸಲೇ ಇಲ್ಲವಂತೆ. ಬರೆದು ಕೊಡಿ ಎಂದರು. ಮಾತಾಡಿದ ಹಾಗೇ ಬರೆದಿದ್ದೇನೆ. ಆಮೇಲೆ ಕೇಳಿದ ಪ್ರಶ್ನೆಗಳನ್ನೂ ಕೊನೆಗೆ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲಿ ಕೊಡೆ ಹಿಡಿದುಕೊಂಡು ಇಷ್ಟು ಜನ ಬಂದಿದ್ದೀರಿ, ತುಂಬಾ ಸಂತೋಷ.

ನಿಮಗೆ ಸ್ಫೂರ್ತಿ ಯಾವುದು, ಚಿತ್ರ ಹೇಗೆ ಮಾಡುತ್ತೀರಿ, ಅದನ್ನೇ ಹೇಳಿ ಎಂದು ಕೇಳಿದ್ದರು. ಕೊಡಗಿನವಳು ಎಂದ ಕೂಡಲೇ ಬೆಟ್ಟ, ಮಂಜು, ಕಾವೇರಿ ಅಂತ ಶುರು ಮಾಡುತ್ತೇನೆ ಎಂದು ನೀವು ಅಂದುಕೊಂಡಿರಬಹುದು. ಅವೆಲ್ಲ ನನ್ನ ಚಿತ್ರಗಳಲ್ಲಿ ಇವೆ. ಆದರೆ ಚಿತ್ರ ಮಾಡುವುದನ್ನು ನನಗೆ ಕಲಿಸಿದ್ದು ಮರಗಸಿ.

ಇಲ್ಲಿರುವ ಬಹಳ ಜನಕ್ಕೆ ಮರಗಸಿ ಎಂದರೆ ಏನು ಅಂತ ಹೇಳಬೇಕಾಗಿಲ್ಲ. ಪೇಟೆಯಲ್ಲಿ ಬೆಳೆದ ಮಕ್ಕಳಿಗಾಗಿ ಹೇಳುತ್ತೇನೆ. ನಮ್ಮ ಕಡೆ ಕಾಫಿ ಗಿಡ ನೆರಳಲ್ಲಿ ಬೆಳೆಯುತ್ತದೆ, ಹಾಗಂತ ಪೂರ್ತಿ ಕತ್ತಲೂ ಅದಕ್ಕೆ ಆಗುವುದಿಲ್ಲ. ಮೇಲೆ ಸಿಲ್ವರ್ ಓಕ್, ಹಾಲವಾಣ, ಅತ್ತಿ, ಹಲಸು ಹೀಗೆ ಮರಗಳಿರುತ್ತವೆ. ಅವು ವರ್ಷವಿಡೀ ಬೆಳೆದು ಮಾಡಿನ ಹಾಗೆ ಮುಚ್ಚಿಕೊಳ್ಳುತ್ತವೆ. ಮಳೆಗಾಲಕ್ಕೆ ಮುಂಚೆ ಆ ಮರ ಹತ್ತಿ, ಬೇಡದ ಕೊಂಬೆ ಕಡಿದು, ಬೆಳಕು ಬಿಡಿಸಬೇಕು. ಬಿಡಿಸದಿದ್ದರೆ ಮಳೆಯಲ್ಲಿ ಕೆಳಗಿನ ತೇವ ಆರುವುದಿಲ್ಲ, ಗಾಳಿ ಆಡುವುದಿಲ್ಲ, ಕಾಫಿ ಎಲೆ ಕಪ್ಪಾಗಿ ಕೊಳೆತು ದಾರದಲ್ಲಿ ಕಟ್ಟಿದ ಹಾಗೆ ಕೊಂಬೆಯಲ್ಲಿ ಜೋತಾಡುತ್ತದೆ. ಅದೇ ಕೊಳೆರೋಗ. ಈ ರೋಗ ತರುವ ಶಿಲೀಂಧ್ರಕ್ಕೆ ವಿಜ್ಞಾನಿಗಳು ಇಟ್ಟ ಹೆಸರಿನ ಒಳಗೂ ನಮ್ಮ 'ಕೊಳೆರೋಗ' ಎಂಬ ಪದವೇ ಕೂತಿದೆ, ಗೊತ್ತಾ? ನೆರಳು ಜಾಸ್ತಿಯಾದರೆ ಏನಾಗುತ್ತದೆ ಎಂಬುದನ್ನು ನಮ್ಮ ತೋಟದ ಜನ ಅಷ್ಟು ಹತ್ತಿರದಿಂದ ನೋಡಿದ್ದರು.

ನನ್ನ ಅಪ್ಪ ಸುಂಟಿಕೊಪ್ಪದ ಹತ್ತಿರ ಒಂದು ತೋಟದಲ್ಲಿ ರೈಟರ್ ಆಗಿದ್ದರು. ಚೆಕ್‌ರೋಲ್, ಅಂದರೆ ಕೆಲಸದವರ ಹಾಜರಿ ಪುಸ್ತಕ, ಬರೆಯುವುದು, ಕೆಲಸ ನೋಡುವುದು. ಬೇಸಿಗೆ ರಜೆಯಲ್ಲಿ ನಾನು ಅವರ ಹಿಂದೆಯೇ ತೋಟಕ್ಕೆ ಹೋಗುತ್ತಿದ್ದೆ. ಮರ ಹತ್ತುವವರು ಒಬ್ಬರಿದ್ದರು, ತೋಟದ ಕೆಲಸದವರು ಇರುವ ಲೈನ್ ಮನೆಗಳ ಮಕ್ಕಳು, ನಾನು, ಎಲ್ಲರೂ ಅವರನ್ನು ಮಾಮ ಎನ್ನುತ್ತಿದ್ದೆವು. ಸೊಂಟದಲ್ಲಿ ಕತ್ತಿ, ಹೆಗಲ ಮೇಲೆ ಹಗ್ಗ. ಮೇಲೆ ಹೋದ ಮೇಲೆ ಎಲೆಗಳ ನಡುವೆ ಅವರು ಕಾಣುತ್ತಲೇ ಇರಲಿಲ್ಲ, ಬರೀ ದನಿ. ಒಂದು ಕೊಂಬೆ ಬೀಳುತ್ತಿತ್ತು, ಇನ್ನೊಂದು ಬೀಳುತ್ತಿತ್ತು, ಆಮೇಲೆ ಮೇಲಿನಿಂದ ಒಂದು ಕೂಗು.

"ಪಾಪು, ಚುಕ್ಕಿ ಬಿತ್ತಾ?"

ನಾನು ತಲೆ ಎತ್ತಿ ಮರ ನೋಡಿ, "ಬಿತ್ತು ಮಾಮ" ಎನ್ನುತ್ತಿದ್ದೆ. ನಾನು ಎಲ್ಲಿ ನೋಡಿ ಹೇಳಿದೆ ಎಂಬುದು ಅವರಿಗೆ ಅಷ್ಟು ಎತ್ತರದಿಂದಲೂ ಗೊತ್ತಾಗಿಬಿಡುತ್ತಿತ್ತು.

"ಮರ ನೋಡ್ಬೇಡ. ನೆಲ ನೋಡಿ ಹೇಳು."

ಚುಕ್ಕಿ ಎಂದರೆ ಬಿಸಿಲಿನ ಚುಕ್ಕಿ. ಗಿಡದ ಬುಡದಲ್ಲಿ, ಒಣ ಎಲೆಯ ಮೇಲೆ, ಅಲ್ಲಲ್ಲಿ ಬಿದ್ದಿರಬೇಕು. ಒಂದೇ ಕಡೆ ಕಂಬಳಿ ಹಾಸಿದ ಹಾಗೆ ಬಿಸಿಲು ಬಿದ್ದರೆ ಜಾಸ್ತಿ ಕಡಿದ ಹಾಗಾಯಿತು, ಅಲ್ಲಿ ಗಿಡ ಸುಡುತ್ತದೆ. ಚುಕ್ಕಿಯೇ ಇಲ್ಲ ಎಂದರೆ ಇನ್ನೊಂದು ಕೊಂಬೆ ಹೋಗಬೇಕು. ಮರದ ಮೇಲೆ ಕೂತವರಿಗೆ ಇದು ಕಾಣುವುದಿಲ್ಲ, ಕೆಳಗಿನವರು ನೋಡಿ ಹೇಳಬೇಕು. ಎಂಟು ವರ್ಷದವಳಿದ್ದಾಗ ನನಗೆ ಸಿಕ್ಕ ಮೊದಲ ಕೆಲಸ ಇದು. ಚುಕ್ಕಿ ಎಣಿಸುವುದು.

ಚಿತ್ರಕಲೆ ಓದಿದ್ದು ಮೈಸೂರಿನಲ್ಲಿ. ಅಲ್ಲಿ ಜಗನ್ಮೋಹನ ಅರಮನೆಯ ಆರ್ಟ್ ಗ್ಯಾಲರಿಯಲ್ಲಿ ಒಂದು ಚಿತ್ರ ಇದೆ, ನಿಮ್ಮಲ್ಲಿ ಶಾಲೆಯ ಟೂರ್‌ಗೆ ಹೋದವರೆಲ್ಲ ನೋಡಿರುತ್ತೀರಿ. ಸೀರೆ ಉಟ್ಟ ಹುಡುಗಿ ಒಂದು ಕೈಯಲ್ಲಿ ದೀಪ ಹಿಡಿದು, ಗಾಳಿಗೆ ಆರದ ಹಾಗೆ ಇನ್ನೊಂದು ಕೈ ಅಡ್ಡ ಇಟ್ಟಿದ್ದಾಳೆ, ಬೆರಳ ಸಂದಿನಲ್ಲಿ ಬೆಳಕು ಕೆಂಪಗೆ ಕಾಣುತ್ತದೆ. ಬಹಳ ಜನ ಅದನ್ನು ರವಿವರ್ಮನ ಚಿತ್ರ ಅಂದುಕೊಂಡಿದ್ದಾರೆ. ಅದನ್ನು ಮಾಡಿದವರು ಎಸ್. ಎಲ್. ಹಲ್ದಂಕರ್, 1940ರ ದಶಕದ ಮಧ್ಯದಲ್ಲಿ. ಮಾದರಿಯಾಗಿ ನಿಂತವರು ಅವರ ಮಗಳು. ನಾನು ಅದರ ಮುಂದೆ ಎಷ್ಟು ಸಲ ನಿಂತಿದ್ದೇನೋ ಲೆಕ್ಕ ಇಲ್ಲ. ಮೊದಲೆಲ್ಲ ತೈಲವರ್ಣ ಎಂದೇ ತಿಳಿದಿದ್ದೆ. ಜಲವರ್ಣ ಎಂದು ಗೊತ್ತಾದ ದಿನ ಮಾತ್ರ ಕಾಲು ನೆಲಕ್ಕೆ ಅಂಟಿದ ಹಾಗಾಯಿತು.

ಯಾಕೆ ಎಂದು ಹೇಳುತ್ತೇನೆ. ತೈಲವರ್ಣದಲ್ಲಿ ಬೆಳಕನ್ನು ಕೊನೆಗೂ ಇಡಬಹುದು. ಕತ್ತಲೆಲ್ಲ ಹಚ್ಚಿ ಮುಗಿಸಿ, ದೀಪದ ಕುಡಿಗೆ ಒಂದು ಚುಕ್ಕೆ ಹಳದಿ ಬಿಳಿ ಇಟ್ಟರೆ ಆಯಿತು. ಜಲವರ್ಣದಲ್ಲಿ ಹಾಗಿಲ್ಲ. ಅಲ್ಲಿ ಬಿಳಿ ಎಂದರೆ ಕಾಗದವೇ. ಎಲ್ಲಿ ಬೆಳಕು ಬೇಕೋ ಅಲ್ಲಿ ಬಣ್ಣ ಹಚ್ಚದೆ ಬಿಡಬೇಕು, ಇಲ್ಲವೇ ತುಂಬಾ ತೆಳ್ಳಗೆ ಹಚ್ಚಬೇಕು. ಒಮ್ಮೆ ಮುಚ್ಚಿಹೋದ ಬೆಳಕು ಆಮೇಲೆ ಪೂರ್ತಿ ವಾಪಸ್ ಬರುವುದಿಲ್ಲ. ಎಷ್ಟು ಉಜ್ಜಿದರೂ ಒಂದು ಕೊಳೆ ಉಳಿದೇ ಉಳಿಯುತ್ತದೆ. ಹಾಗಾದರೆ ಆ ಮನುಷ್ಯ ಅಷ್ಟು ಕತ್ತಲನ್ನು ಪದರ ಪದರವಾಗಿ ಹಚ್ಚುವಾಗ, ಆ ಬೆರಳ ಸಂದನ್ನು, ಆ ಕೆನ್ನೆಯನ್ನು ಮೊದಲಿನಿಂದ ಕಾಯ್ದುಕೊಂಡು ಬಂದಿರಬೇಕು ಅಲ್ವಾ? ಅಲ್ಲಿ ನಿಂತಾಗ ನನಗೆ ಮಾಮನ ದನಿ ಕೇಳಿಸಿತು. ಚುಕ್ಕಿ ಬಿತ್ತಾ?

ಆ ಹೊತ್ತಿಗೆ ನಾನು ಮಂಜಿನ ಚಿತ್ರ ಮಾಡಲು ಒದ್ದಾಡುತ್ತಿದ್ದೆ. ಮನೆ ನೆನಪಾಗುತ್ತಿತ್ತು, ಹಾಗಾಗಿ ಬೆಟ್ಟ ಬರೆಯುತ್ತಿದ್ದೆ, ಬರೆದ ಮೇಲೆ ಅದರ ಮೇಲೆ ಬಿಳಿ ಪೋಸ್ಟರ್ ಕಲರ್ ನೀರು ಮಾಡಿ ಬಳಿಯುತ್ತಿದ್ದೆ. ಅದು ಮಂಜಿನ ಹಾಗೆ ಕಾಣುತ್ತಿರಲಿಲ್ಲ, ಸುಣ್ಣ ಹೊಡೆದ ಗೋಡೆಯ ಹಾಗೆ ಕಾಣುತ್ತಿತ್ತು. ಇಲ್ಲಿ ಸ್ಪರ್ಧೆಗಳಲ್ಲಿ ಮಕ್ಕಳು ಇದನ್ನೇ ಮಾಡುವುದನ್ನು ಈಗಲೂ ನೋಡುತ್ತೇನೆ. ಮಂಜಿಗೆ ಬಣ್ಣ ಬೇಡ. ಮಂಜಿನ ಹಿಂದೆ ಇರುವ ಮರವನ್ನು ಕಮ್ಮಿ ಮಾಡಿ, ಸಾಕು.

ನಾಳೆ ಬೆಳಿಗ್ಗೆ ಸ್ಕೂಲಿಗೆ ಹೋಗುವಾಗ ನೋಡಿ. ಹತ್ತಿರದ ಸಿಲ್ವರ್ ಓಕ್ ಕಾಂಡ ಕಪ್ಪಗೆ, ಮೇಲಿನ ಪಾಚಿ ಕೂಡ ಕಾಣುವಷ್ಟು ಸ್ಪಷ್ಟ. ಅದರ ಹಿಂದಿನದು ಬೂದಿ ಬಣ್ಣ. ಅದರ ಹಿಂದಿನದಕ್ಕೆ ಬಣ್ಣವೇ ಇಲ್ಲ, ಆಕಾರ ಮಾತ್ರ. ನಾಲ್ಕನೆಯದು ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಬಯಲುಸೀಮೆಯಲ್ಲಿ ಮೈಲಿಗಟ್ಟಲೆ ದೂರದ ಗುಡ್ಡ ನೋಡಿದರೆ ಆಗುವ ಬದಲಾವಣೆ ನಮ್ಮಲ್ಲಿ ನೂರು ಅಡಿಯೊಳಗೆ ಆಗಿಬಿಡುತ್ತದೆ. ನಾನು ಮಾಡುವುದು ಹೀಗೆ: ಮೊದಲು ಕಾಗದ ಪೂರ್ತಿ ಒದ್ದೆ ಮಾಡುತ್ತೇನೆ, ನೀರೇ ಜಾಸ್ತಿ ಇರುವ ಬಣ್ಣದಲ್ಲಿ ದೂರದ ಮರ ಎಳೆಯುತ್ತೇನೆ, ಅದು ತಾನಾಗಿ ಹರಡಿ ಅರ್ಧ ಕಳೆದುಹೋಗುತ್ತದೆ. ಸ್ವಲ್ಪ ಆರಿದ ಮೇಲೆ ಅದರ ಮುಂದಿನ ಮರ, ಇನ್ನೂ ಆರಿದ ಮೇಲೆ ಅದರ ಮುಂದಿನದು. ಕೊನೆಯ ಮರ ಒಣ ಕಾಗದದ ಮೇಲೆ, ಗಟ್ಟಿ ಬಣ್ಣದಲ್ಲಿ. ಕಾಗದ ಎಷ್ಟು ಆರಿದೆ ಎಂಬುದನ್ನು ಓರೆಯಾಗಿ ನೋಡಿ ತಿಳಿಯಬೇಕು, ಹೊಳಪು ಹೋಗಿ ಮಾಸಲಾದ ಆ ಗಳಿಗೆಯೇ ಸರಿಯಾದ ಹೊತ್ತು. ತಾಳ್ಮೆ ಕೆಟ್ಟು ಅರ್ಧ ಆರಿದ ಕಡೆ ನೀರು ಜಾಸ್ತಿ ಇರುವ ಕುಂಚ ತಗುಲಿಸಿದರೆ ಹೂಕೋಸಿನ ಹಾಗೆ ಅಂಚು ಏಳುತ್ತದೆ, ಮುಗಿಯಿತು.

ಇದನ್ನು ನನಗಿಂತ ಮೊದಲು ಮಾಡಿದ ದೊಡ್ಡವರಿದ್ದಾರೆ. ಕಾಲೇಜಿನ ಲೈಬ್ರರಿಯ ಒಂದು ಪುಸ್ತಕದಲ್ಲಿ ಜಪಾನಿನ ಹಸೆಗಾವಾ ತೋಹಾಕು ಎಂಬ ಚಿತ್ರಗಾರನ ಪೈನ್ ಮರಗಳನ್ನು ನೋಡಿದೆ. ಹದಿನಾರನೇ ಶತಮಾನದವನು. ಆರಾರು ಮಡಿಕೆಯ ಎರಡು ದೊಡ್ಡ ತೆರೆಗಳ ಮೇಲೆ ಬರೀ ಮಸಿಯಲ್ಲಿ ಮಾಡಿದ್ದು. ಅದರಲ್ಲಿ ಮರಕ್ಕಿಂತ ಖಾಲಿ ಜಾಗವೇ ಜಾಸ್ತಿ. ಆ ಖಾಲಿಯಲ್ಲಿ ಚಳಿ ಇತ್ತು, ತೇವ ಇತ್ತು, ನಮ್ಮ ಮನೆಯ ಹಿಂದಿನ ಗುಡ್ಡದ ವಾಸನೆ ಇತ್ತು. ಇನ್ನೊಬ್ಬರು ನಮ್ಮವರೇ, ಮೈಸೂರಿನ ಕೆ. ವೆಂಕಟಪ್ಪ. ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಟಾಗೋರರ ಹತ್ತಿರ ಕಲಿತು ಬಂದವರು, 1965ರಲ್ಲಿ ತೀರಿಕೊಂಡರು. ಅವರು ಊಟಿಯ ಬೆಟ್ಟ, ಕೆರೆ, ಮಂಜನ್ನು ಜಲವರ್ಣದಲ್ಲಿ ಮಾಡಿದ್ದಾರೆ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಗ್ಯಾಲರಿಯೇ ಇದೆ. ಬೆಂಗಳೂರಿಗೆ ಹೋದರೆ ಮಾಲ್‌ಗೆ ಹೋಗುವ ಮುಂಚೆ ಒಂದು ಗಂಟೆ ಅಲ್ಲಿಗೆ ಹೋಗಿ ಬನ್ನಿ ಎಂದು ಇಲ್ಲಿರುವ ಎಲ್ಲ ಅಪ್ಪ ಅಮ್ಮಂದಿರಲ್ಲಿ ಕೇಳಿಕೊಳ್ಳುತ್ತೇನೆ.

ಇನ್ನು ಹಸಿರು. ಕೊಡಗಿನಲ್ಲಿ ಚಿತ್ರ ಮಾಡುವವರಿಗೆ ಹಸಿರೇ ದೊಡ್ಡ ಕಷ್ಟ, ಯಾಕೆಂದರೆ ಎಲ್ಲ ಕಡೆ ಅದೇ. ಟ್ಯೂಬಿನ ಹಸಿರನ್ನು ಹಾಗೇ ಹಚ್ಚಿದರೆ ಇಡೀ ಚಿತ್ರ ಪ್ಲಾಸ್ಟಿಕ್ಕಿನ ಹಾಗಾಗುತ್ತದೆ. ನಾನು ಹಸಿರು ಟ್ಯೂಬ್ ಕೊಳ್ಳುವುದನ್ನು ಬಿಟ್ಟು ಬಹಳ ವರ್ಷವಾಯಿತು. ನೀಲಿ, ಹಳದಿ ಕಲಸಿಕೊಳ್ಳುತ್ತೇನೆ, ಜೋರಾಯಿತು ಅನ್ನಿಸಿದರೆ ಒಂದು ಚೂರು ಬರ್ನ್ಟ್ ಸಿಯೆನ್ನಾ ಸೇರಿಸುತ್ತೇನೆ, ಆ ಕಾವಿ ಬಿದ್ದ ಕೂಡಲೇ ಹಸಿರು ನೆಲಕ್ಕೆ ಇಳಿಯುತ್ತದೆ. ಅರೇಬಿಕಾ ಎಲೆ ಚಿಕ್ಕದು, ಕಡು ಹಸಿರು, ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತದೆ. ರೊಬಸ್ಟಾ ಎಲೆ ಅಗಲ, ಬಣ್ಣ ಸ್ವಲ್ಪ ತಿಳಿ. ಸಿಲ್ವರ್ ಓಕ್ ಎಲೆಯ ಹಿಂಬದಿ ಬೆಳ್ಳಿ, ಗಾಳಿ ಬಂದರೆ ಇಡೀ ಮರ ಒಂದು ಸಲ ಬೆಳ್ಳಗಾಗಿ ಮತ್ತೆ ಹಸಿರಾಗುತ್ತದೆ. ಸಸಿಮಡಿಯ ಹಸಿರನ್ನು ಮಾತ್ರ ನನಗೆ ಇನ್ನೂ ಕಲಸಲು ಬಂದಿಲ್ಲ. ಪ್ರತಿ ವರ್ಷ ಪ್ರಯತ್ನ ಮಾಡುತ್ತೇನೆ.

ಬಣ್ಣ ಕಲಸುವುದರ ಮೊದಲ ಪಾಠ ಅಮ್ಮನ ತಟ್ಟೆಯಲ್ಲಿ ಆಗಿತ್ತು. ಆರತಿಗೆ ಓಕುಳಿ ಮಾಡುವಾಗ ನೋಡಿದ್ದೀರಲ್ಲ? ನೀರಿಗೆ ಅರಿಶಿನ ಹಾಕಿ, ಬೆರಳ ತುದಿಯಲ್ಲಿ ಒಂದು ಚೂರು ಸುಣ್ಣ ತೆಗೆದು ಕದಡುತ್ತಾರೆ. ಹಳದಿಗೆ ಬಿಳಿ ಸೇರಿದರೆ ತಿಳಿ ಹಳದಿ ಆಗಬೇಕು, ನನ್ನ ಬಣ್ಣದ ಡಬ್ಬಿಯಲ್ಲಿ ಹಾಗೇ ಆಗುತ್ತಿತ್ತು. ಅಮ್ಮನ ತಟ್ಟೆಯಲ್ಲಿ ಕೆಂಪಾಗುತ್ತಿತ್ತು. ಸುಣ್ಣದ ಕ್ಷಾರ ತಾಗಿದರೆ ಅರಿಶಿನ ಕೆಂಪಾಗುತ್ತದೆ ಎಂದು ಆಮೇಲೆ ಓದಿ ತಿಳಿದೆ. ಆ ಕೆಂಪನ್ನು ಕಾಗದಕ್ಕೆ ಹಚ್ಚಿ ಕಿಟಕಿ ಹತ್ತಿರ ಇಟ್ಟಿದ್ದೆ, ಬೆಳಕಿಗೆ ಬೇಗ ಮಾಸಿಹೋಯಿತು. ಅರಿಶಿನ ಬೆಳಕು ತಡೆಯುವುದಿಲ್ಲ. ನಮ್ಮ ಕೆಮ್ಮಣ್ಣು ತಡೆಯುತ್ತದೆ, ಅದರಲ್ಲಿರುವುದು ಕಬ್ಬಿಣದ ತುಕ್ಕಿನ ಜಾತಿಯ ಬಣ್ಣ. ಮಣ್ಣನ್ನು ನೀರಲ್ಲಿ ಕದಡಿ, ಮರಳು ತಳ ಕಚ್ಚಿದ ಮೇಲೆ ಮೇಲಿನ ಕೆಂಪು ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿ, ಅದು ನಿಂತು ಆರಿದರೆ ಮುಖಕ್ಕೆ ಹಚ್ಚುವ ಪೌಡರಿನಷ್ಟು ನಯವಾದ ಪುಡಿ ಸಿಗುತ್ತದೆ. ಅದಕ್ಕೆ ಗೋಂದು ಕಲಸಿ ಅರೆದರೆ ಬಣ್ಣ. ಮನೆಯಲ್ಲಿ ಮಾಡಿ ನೋಡಿ, ಖರ್ಚೇನೂ ಇಲ್ಲ.

ನನ್ನ ಕೆಲಸ ಕ್ಯಾಲೆಂಡರಿನ ಪ್ರಕಾರ ನಡೆಯುವುದಿಲ್ಲ, ತೋಟದ ಪ್ರಕಾರ ನಡೆಯುತ್ತದೆ. ಮಾರ್ಚ್ ಹೊತ್ತಿಗೆ ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯುತ್ತೇನೆ. ಮಳೆ ಬಿದ್ದು, ಅಥವಾ ಸ್ಪ್ರಿಂಕ್ಲರ್ ಹಾರಿಸಿ, ಎಂಟು ಹತ್ತು ದಿನಕ್ಕೆ ತೋಟ ಪೂರ್ತಿ ಬೆಳ್ಳಗಾಗುತ್ತದೆ. ಎರಡು ಮೂರು ದಿನ ಅಷ್ಟೇ, ಆಮೇಲೆ ಕಂದು. ಆ ದಿನಗಳಲ್ಲಿ ನಾನು ಫೋನ್ ಎತ್ತುವುದಿಲ್ಲ, ದಯವಿಟ್ಟು ಯಾರೂ ತಪ್ಪು ತಿಳಿಯಬೇಡಿ. ಬಿಳಿ ಹೂವನ್ನು ಬಿಳಿ ಕಾಗದದ ಮೇಲೆ ಮಾಡಬೇಕು, ಅಂದರೆ ಹೂ ಬರೆಯಲೇಬಾರದು, ಸುತ್ತಲಿನ ಎಲೆಯ ಕತ್ತಲು ಮಾತ್ರ ಬರೆಯಬೇಕು. ಹಣ್ಣು ಕುಯ್ಯುವ ಕಾಲದಲ್ಲಿ ಕಣದ ಅಂಚಿಗೆ ಸ್ಟೂಲ್ ಹಾಕಿಕೊಂಡು ಕೂರುತ್ತೇನೆ, ಕೆಂಪು ಚೆರ್ರಿ ದಿನದಿಂದ ದಿನಕ್ಕೆ ಕಪ್ಪಾಗುವುದನ್ನು ನೋಡುತ್ತಾ.

ಮಳೆಗಾಲದಲ್ಲಿ ಬಣ್ಣದ ಕೆಲಸ ಕಮ್ಮಿ. ಹಚ್ಚಿದ್ದು ಆರುವುದೇ ಇಲ್ಲ. ಇದ್ದಿಲು, ಮಸಿ, ಬಾಲ್ ಪೆನ್. ಕಾಗದ ಕಾಪಾಡುವುದೇ ಒಂದು ಕೆಲಸ. ಒಂದು ವರ್ಷ ಪ್ರದರ್ಶನಕ್ಕೆ ಅಂತ ಮಾಡಿಟ್ಟ 23 ಚಿತ್ರಗಳನ್ನು ಕಬ್ಬಿಣದ ಬೀರುವಿನಲ್ಲಿ ಇಟ್ಟಿದ್ದೆ. ಆಗಸ್ಟಿನಲ್ಲಿ ತೆಗೆದರೆ ಎಲ್ಲದರ ಮೇಲೆ ಬೂಷ್ಟು. ಬಣ್ಣ ಗಟ್ಟಿಯಾಗಿರುವ ಕಡೆ ಕಾಣುತ್ತಿರಲಿಲ್ಲ, ಎಲ್ಲೆಲ್ಲಿ ಬೆಳಕು ಬಿಟ್ಟಿದ್ದೆನೋ ಅಲ್ಲೆಲ್ಲ ಸಣ್ಣ ಸಣ್ಣ ಕಂದು ಚುಕ್ಕೆ ಎದ್ದು ಕಾಣುತ್ತಿತ್ತು. ಅವತ್ತು ಅಡುಗೆಮನೆಯಲ್ಲಿ ಕೂತು ತುಂಬಾ ಅತ್ತೆ. ಈಗ ಮರದ ಕಪಾಟಿನ ಕೆಳಗಿನ ಖಾನೆಯಲ್ಲಿ, ಕಾಗದಕ್ಕೆ ತಾಗದ ಹಾಗೆ, ಒಂದು ಹಳೇ ಕಾಲದ ಬಲ್ಬ್ ಇಟ್ಟು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉರಿಸುತ್ತೇನೆ. ಎಲ್‌ಇಡಿ ಆಗುವುದಿಲ್ಲ, ಬಿಸಿ ಬರುವ ಬಲ್ಬೇ ಬೇಕು. ಆ ಬೆಚ್ಚಗೆ ಸಾಕು, ಬೂಷ್ಟು ಬರುವುದಿಲ್ಲ.

ಈಗ ಒಂದು ಕಷ್ಟದ ವಿಷಯ ಹೇಳಬೇಕು. 2018ರ ಆಗಸ್ಟ್. ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ, ಹಟ್ಟಿಹೊಳೆ, ಈ ಹೆಸರುಗಳನ್ನು ಹೇಳಿದರೆ ಇಲ್ಲಿ ಕೂತಿರುವ ಯಾರಿಗೂ ಬೇರೆ ವಿವರ ಬೇಡ. ಗುಡ್ಡಗಳು ಕುಸಿದವು. ನಾನು ಇಪ್ಪತ್ತು ವರ್ಷದಿಂದ ಬರೆಯುತ್ತಿದ್ದ ಇಳಿಜಾರುಗಳ ಮೇಲೆ ಉದ್ದಕ್ಕೆ ಕೆಂಪು ಗೀರು. ಅದನ್ನು ಚಿತ್ರ ಮಾಡಿ, ಚೆನ್ನಾಗಿರುತ್ತದೆ ಎಂದು ಹೊರಗಿನ ಒಬ್ಬರು ಫೋನ್ ಮಾಡಿ ಕೇಳಿದರು. ನನ್ನಿಂದ ಆಗಲಿಲ್ಲ. ಆ ಕೆಂಪಿನ ಕೆಳಗೆ ಜನರ ಮನೆ ಇತ್ತು. ಬಣ್ಣದ ಡಬ್ಬಿ ಮುಚ್ಚಿ ಮೇಲೆ ಇಟ್ಟೆ.

ಪರಿಹಾರ ಕೇಂದ್ರದಲ್ಲಿ ಅಕ್ಕಿ ಅಳೆಯಲು, ಬಟ್ಟೆ ವಿಂಗಡಿಸಲು ಹೋಗುತ್ತಿದ್ದೆ. ಚೀಲದಲ್ಲಿ ಅಭ್ಯಾಸಕ್ಕೆ ಒಂದು ಸ್ಕೆಚ್ ಪುಸ್ತಕ ಇರುತ್ತಿತ್ತು. ಒಂದು ಮಧ್ಯಾಹ್ನ ಮಕ್ಕಳು ಗಲಾಟೆ ಮಾಡುತ್ತಿದ್ದರು ಅಂತ ಅವರಿಗೆ ಬೆಕ್ಕು, ಆನೆ ಬಿಡಿಸಿ ಕೊಡುತ್ತಿದ್ದೆ. ಪಕ್ಕದಲ್ಲಿ ಚಾಪೆಯ ಮೇಲೆ ಒಬ್ಬರು ಅಜ್ಜಿ ಕೂತಿದ್ದರು. ಎಪ್ಪತ್ತು ದಾಟಿರಬೇಕು. ಅವರು ಮೂರು ದಿನದಿಂದ ಯಾರ ಹತ್ತಿರವೂ ಜಾಸ್ತಿ ಮಾತಾಡಿರಲಿಲ್ಲವಂತೆ. ನನ್ನ ಕೈ ನೋಡುತ್ತಾ ನೋಡುತ್ತಾ ಕೇಳಿದರು.

"ಮಗಾ, ನಮ್ಮ ಮನೆ ಬಿಡಿಸಿ ಕೊಡ್ತೀಯಾ?"

ನಾನು ಆ ಮನೆ ನೋಡಿಲ್ಲ. ಇನ್ನು ನೋಡುವ ಹಾಗೂ ಇಲ್ಲ. "ನೀವು ಹೇಳಿ ಅಜ್ಜಿ, ನಾನು ಬರೀತೀನಿ" ಎಂದೆ. ಬಾಲ್ ಪೆನ್ ತೆಗೆದೆ. ಅವರು ಶುರು ಮಾಡಿದ್ದು ಮನೆಯಿಂದಲ್ಲ, ರಸ್ತೆಯಿಂದ. ರಸ್ತೆಯಿಂದ ಇಳಿಯಬೇಕು, ಎಡಗಡೆ ಹಲಸಿನ ಮರ, ಅದರ ಬುಡದಲ್ಲಿ ಕಟ್ಟೆ. ಆಮೇಲೆ ಮೆಟ್ಟಿಲು. ನಾನು ನಾಲ್ಕು ಎಳೆದೆ.

"ನಾಲ್ಕಲ್ಲ, ಮೂರು. ಮೂರನೇದು ಸ್ವಲ್ಪ ಎತ್ತರ. ಎಲ್ರೂ ಅಲ್ಲಿ ಎಡವ್ತಾರೆ."

ಬಾಲ್ ಪೆನ್ನನ್ನು ಅಳಿಸಲು ಬರುವುದಿಲ್ಲ. ಇನ್ನೊಂದು ಹಾಳೆ ತೆಗೆದು ಮೊದಲಿನಿಂದ ಬರೆದೆ. ಹಂಚಿನ ಮಾಡು. ಮುಂದಿನ ಕಿಟಕಿಗೆ ಸರಳು ಐದು. ಒಲೆಯ ಹೊಗೆ ಹೋಗುವ ಕಡೆ ಗೋಡೆ ಕಪ್ಪು, ಅದನ್ನು ಕಪ್ಪು ಮಾಡು ಎಂದರು, ಮಾಡಿದೆ. ದನದ ಕೊಟ್ಟಿಗೆ, ಹಿಂದೆ ಏಲಕ್ಕಿ. ಮನೆಯ ಮುಂದೆ ಹಾಳೆಯಲ್ಲಿ ದೊಡ್ಡ ಜಾಗ ಖಾಲಿ ಉಳಿದಿತ್ತು. ಖಾಲಿ ಕಂಡರೆ ತುಂಬುವ ಚಟ ಇರುತ್ತದಲ್ಲ, ನಾನು ಅಲ್ಲಿ ಒಂದು ಹೂವಿನ ಗಿಡ ಬರೆಯಲು ಹೋದೆ. ಅಜ್ಜಿ ನನ್ನ ಮಣಿಕಟ್ಟು ಹಿಡಿದರು.

"ಅಲ್ಲಿ ಏನೂ ಬರೀಬೇಡ. ಅದು ಅಂಗಳ."

ಅಂಗಳವನ್ನು ಹಾಗೇ ಬಿಟ್ಟೆ. ಅವರು ಹಾಳೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಆ ಬಿಳಿ ಜಾಗದ ಮೇಲೆ ಬೆರಳಾಡಿಸುತ್ತಾ, ಇಲ್ಲಿ ಭತ್ತ ಒಣಗಿಸುತ್ತಿದ್ದೆವು, ಇಲ್ಲಿ ಮಗಳ ಮದುವೆಗೆ ಚಪ್ಪರ ಹಾಕಿದ್ದೆವು, ಇಲ್ಲಿ ನಾಯಿ ಮಲಗುತ್ತಿತ್ತು ಎಂದು ಸಂಜೆಯವರೆಗೆ ಹೇಳಿದರು. ಆಮೇಲೆ ಒಬ್ಬೊಬ್ಬರಾಗಿ ಬೇರೆಯವರೂ ಬಂದು ಕೂತರು. ಆ ತಿಂಗಳು ಹದಿನೇಳು ಮನೆ ಬರೆದೆ. ಒಂದನ್ನೂ ನನ್ನ ಹತ್ತಿರ ಇಟ್ಟುಕೊಳ್ಳಲಿಲ್ಲ, ಫೋಟೋ ಕೂಡ ತೆಗೆಯಲಿಲ್ಲ. ಅವು ಆಯಾ ಮನೆಯವರವು.

ಬಣ್ಣಕ್ಕೆ ಮತ್ತೆ ಕೈ ಹಾಕಲು ವರ್ಷಕ್ಕಿಂತ ಹೆಚ್ಚು ಹಿಡಿಯಿತು. 2019ರ ಡಿಸೆಂಬರ್ 26, ಕಂಕಣ ಸೂರ್ಯಗ್ರಹಣ. ದಕ್ಷಿಣ ಕೊಡಗಿನಲ್ಲಿ, ಕುಟ್ಟದ ಕಡೆ, ಬಳೆಯ ಹಾಗೆ ಪೂರ್ತಿ ಕಾಣುತ್ತದೆ ಎಂದು ಸುದ್ದಿಯಾಗಿ ಎಲ್ಲೆಲ್ಲಿಂದಲೋ ಜನ ಬಂದಿದ್ದರು. ನಾನೂ ಹೋಗಿದ್ದೆ. ಎಲ್ಲರೂ ಕಪ್ಪು ಕನ್ನಡಕ ಹಾಕಿ ಮೇಲೆ ನೋಡುತ್ತಿದ್ದರು. ನನ್ನ ಹತ್ತಿರ ಕನ್ನಡಕ ಇರಲಿಲ್ಲ, ಹಾಗಾಗಿ ತೋಟದ ಬದಿಯಲ್ಲಿ ತಲೆ ತಗ್ಗಿಸಿ ನಿಂತಿದ್ದೆ. ನೆಲ ನೋಡಿದೆ.

ಚುಕ್ಕಿ ಬಿದ್ದಿತ್ತು. ಆದರೆ ಯಾವುದೂ ದುಂಡಗಿರಲಿಲ್ಲ. ಒಣ ಎಲೆಯ ಮೇಲೆ, ಮಣ್ಣಿನ ಮೇಲೆ, ನನ್ನ ಕಾಲಿನ ಮೇಲೆ, ನೂರಾರು ಕುಡುಗೋಲು. ನೋಡ್ತಾ ನೋಡ್ತಾ ತೆಳ್ಳಗಾದವು. ಒಂಬತ್ತೂವರೆಯ ಹೊತ್ತಿಗೆ ಎರಡು ತುದಿ ಸೇರಿ ಒಂದೊಂದು ಚುಕ್ಕಿಯೂ ಬಳೆಯಾಯಿತು. ಎಲೆಗಳ ಸಂದು ಹೇಗೇ ಇರಲಿ, ಸಣ್ಣ ಸಂದಿನಿಂದ ತೂರಿ ಬರುವ ಬಿಸಿಲು ನೆಲದ ಮೇಲೆ ಸೂರ್ಯನ ಆಕಾರವನ್ನೇ ಬೀಳಿಸುತ್ತದೆ, ದಿನವೂ ಹಾಗೇ, ಅದಕ್ಕೇ ಚುಕ್ಕಿ ಯಾವಾಗಲೂ ದುಂಡಗೆ ಕಾಣುವುದು. ಎಂಟು ವರ್ಷದವಳಿದ್ದಾಗ ನಾನು ಎಣಿಸುತ್ತಿದ್ದದ್ದು ಸೂರ್ಯಗಳನ್ನು. ಇದು ಗೊತ್ತಿರಲಿಲ್ಲ ನನಗೆ, ಅಥವಾ ಓದಿದ್ದರೂ ತಲೆಗೆ ಹೋಗಿರಲಿಲ್ಲ. ಎರಡು ಮೂರು ನಿಮಿಷ ಬಳೆಗಳು ಇದ್ದವು. ಗಾಳಿಗೆ ಎಲೆ ಆಡಿದರೆ ಬಳೆಗಳೂ ಆಡುತ್ತಿದ್ದವು, ಒಂದರ ಮೇಲೊಂದು ಬೀಳುತ್ತಿದ್ದವು. ಸುಮ್ನೆ ನೋಡಿದೆ, ಬರೆಯಲಿಲ್ಲ.

ಮನೆಗೆ ಬಂದು ಡಬ್ಬಿ ತೆಗೆದೆ. ಅಲ್ಲಿಂದ ಇವತ್ತಿನವರೆಗೆ ನಾನು ಮಾಡುತ್ತಿರುವುದು ಜಾಸ್ತಿ ನೆಲದ ಚಿತ್ರಗಳೇ. ತೋಟದ ನೆಲ, ಒಣ ಎಲೆ, ಮೆಣಸಿನ ಬಳ್ಳಿಯ ಬುಡ, ಅದರ ಮೇಲೆ ಬಿದ್ದ ಬೆಳಕು. ಬೆಟ್ಟ ಯಾಕೆ ಬಿಟ್ಟಿರಿ ಎಂದು ಕೇಳುತ್ತಾರೆ. ಬಿಟ್ಟಿಲ್ಲ, ಬೆಟ್ಟದ ಮೇಲೆಯೇ ನಿಂತಿದ್ದೇನೆ, ನೋಡುವ ದಿಕ್ಕು ಕೆಳಗಾಗಿದೆ.

ಇನ್ನು ಪ್ರಶ್ನೆಗಳು.

ಕಾಫಿ ಡಿಕಾಕ್ಷನ್‌ನಲ್ಲಿ ಚಿತ್ರ ಮಾಡಬಹುದಾ ಎಂದು ಒಬ್ಬ ಹುಡುಗ ಕೇಳಿದ. ಖಂಡಿತ ಮಾಡು. ಒಂದೇ ಬಣ್ಣದಲ್ಲಿ ತೆಳು, ಗಟ್ಟಿ ಮಾಡಿ ಕಲಿಯಲು ಅದಕ್ಕಿಂತ ಒಳ್ಳೆಯದಿಲ್ಲ. ಬಹಳ ವರ್ಷ ಉಳಿಯಲಿ ಎಂದರೆ ಮಣ್ಣಿನ ಬಣ್ಣಕ್ಕೆ ಬಾ.

ಒಬ್ಬರು ತಾಯಿ ಕೇಳಿದರು, ಇದರಿಂದ ಜೀವನ ನಡೆಯುತ್ತಾ ಅಂತ. ಒಳ್ಳೆಯ ಪ್ರಶ್ನೆ, ಎಲ್ಲರೂ ಕೇಳಬೇಕು. ನಾನು ವಾರಕ್ಕೆ ಮೂರು ದಿನ ಮಕ್ಕಳಿಗೆ ಪಾಠ ಹೇಳುತ್ತೇನೆ, ಅದು ಅಕ್ಕಿ ಬೇಳೆಗೆ. ಹೋಂಸ್ಟೇಗಳಿಗೆ ಚಿತ್ರ ಮಾಡಿಕೊಡುತ್ತೇನೆ. ಅವರು ಬೆಟ್ಟ ಕೇಳುತ್ತಾರೆ, ನೀಲಿ ಆಕಾಶ ಕೇಳುತ್ತಾರೆ, ಅದನ್ನೂ ಮನಸ್ಸಿಟ್ಟು ಮಾಡುತ್ತೇನೆ. ದುಡ್ಡು ಕೊಟ್ಟು ಗೋಡೆಗೆ ಹಾಕುವವರಿಗೆ ಒಳ್ಳೆಯ ಕೆಲಸ ಸಿಗಬೇಕು. ಬೆಂಗಳೂರಿನ ಚಿತ್ರಕಲಾ ಪರಿಷತ್ತು 2003ರಿಂದ ಚಿತ್ರಸಂತೆ ನಡೆಸುತ್ತಿದೆ, ಕುಮಾರಕೃಪಾ ರಸ್ತೆಯ ಫುಟ್‌ಪಾತಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ನಿಂತು ಚಿತ್ರ ಮಾರಬಹುದು. ಹೋಗಿದ್ದೇನೆ. ಕೆಲವು ವರ್ಷ ಬಸ್ ಚಾರ್ಜಿಗಿಂತ ಸ್ವಲ್ಪ ಹೆಚ್ಚು ಸಿಕ್ಕಿದೆ, ಕೆಲವು ವರ್ಷ ಆರು ತಿಂಗಳ ಬಣ್ಣಕ್ಕೆ ಆಗುವಷ್ಟು. ಮಗಳನ್ನು ಕಳಿಸಿ, ಆದರೆ ಕೈಯಲ್ಲಿ ಇನ್ನೊಂದು ಕೆಲಸ ಇರಲಿ. ಬೆಳಗಿನ ಎರಡು ಗಂಟೆ ಮಾತ್ರ ಯಾರಿಗೂ ಕೊಡಬಾರದು ಎಂದು ಅವಳಿಗೆ ಹೇಳಿ.

ಕೊನೆಗೆ ಒಬ್ಬಳು ಪುಟ್ಟ ಹುಡುಗಿ ಎದ್ದು, "ಆಂಟಿ, ಚಿತ್ರ ಮುಗೀತು ಅಂತ ಹೇಗೆ ಗೊತ್ತಾಗುತ್ತೆ?" ಎಂದಳು. ಅವತ್ತು ಮಳೆ ಸದ್ದಿಗೆ ನನ್ನ ಉತ್ತರ ಅವಳಿಗೆ ಕೇಳಿಸಿತೋ ಇಲ್ಲವೋ. ಇಲ್ಲಿ ಬರೆಯುತ್ತೇನೆ ಪುಟ್ಟಿ. ಮುಗಿಯುತ್ತಾ ಬಂತು ಅನ್ನಿಸಿದಾಗ ನಾನು ಚಿತ್ರವನ್ನು ಬೋರ್ಡಿನಿಂದ ತೆಗೆದು ನೆಲದ ಮೇಲೆ ಇಡುತ್ತೇನೆ. ಸ್ಟೂಲ್ ಹತ್ತಿ ನಿಂತು ಮೇಲಿನಿಂದ ನೋಡುತ್ತೇನೆ. ಅಷ್ಟು ದೂರದಿಂದ ಎಲೆ, ಕಡ್ಡಿ ಯಾವುದೂ ಬೇರೆ ಬೇರೆ ಕಾಣುವುದಿಲ್ಲ, ಕತ್ತಲು ಎಷ್ಟು, ಬೆಳಕು ಎಷ್ಟು ಎಂಬುದು ಮಾತ್ರ ಕಾಣುತ್ತದೆ. ಚುಕ್ಕಿ ಬಿದ್ದಿದ್ದರೆ ಕೆಳಗೆ ಇಳಿದು ಹೆಸರು ಬರೆಯುತ್ತೇನೆ.

ಮರ ಹತ್ತುವವರು ಈಗ ಎಲ್ಲ ತೋಟದಲ್ಲೂ ಕಮ್ಮಿಯಾಗಿದ್ದಾರೆ. ನಮ್ಮ ಮಾಮನಿಗೆ ವಯಸ್ಸಾಗಿದೆ, ಈಗ ಅವರು ಕೆಳಗೆ ನಿಂತು ನೋಡಿ ಹೇಳುತ್ತಾರೆ, ಮೇಲೆ ಹತ್ತುವವನು ಅವರ ಮೊಮ್ಮಗ. ಮುಂದಿನ ಬೇಸಿಗೆಯಲ್ಲಿ ಮರಗಸಿ ಶುರುವಾದಾಗ ಹತ್ತು ಮಕ್ಕಳನ್ನು ಕರೆದುಕೊಂಡು ಬಾ ಎಂದಿದ್ದಾರೆ. ಬರುವವರು ಮನೆಯಲ್ಲಿ ಕೇಳಿ ಹೆಸರು ಕೊಡಿ. ಬೂಟು ಹಾಕಿಕೊಂಡು ಬನ್ನಿ, ಒಂದು ಮಳೆ ಬಿದ್ದಿದ್ದರೂ ಜಿಗಣೆ ಇರುತ್ತದೆ, ಒಂದು ಪೊಟ್ಟಣ ಉಪ್ಪು ಇರಲಿ. ಕೊಂಬೆ ಬೀಳುವ ಕಡೆಯಿಂದ ದೂರ ನಿಲ್ಲಬೇಕು, ಮಾಮ ಹೇಳಿದ ಕಡೆಯೇ ನಿಲ್ಲಬೇಕು. ಕಾಗದ ನಾನು ತರುತ್ತೇನೆ.